ಅಡಿಗಲ್ಲು ಬಿದ್ದ ದಿನ ಹುಟ್ಟಿದ ಕೂಸು

ತುಪ್ಪದಹಾಳದಲ್ಲಿ ಯಾರಿಗಾದರೂ ತಮ್ಮ ವಯಸ್ಸು ತಿಳಿಯಬೇಕಾದರೆ ಹೊಳಿಯಮ್ಮನ ಗುಡಿಸಲಿಗೇ ಹೋಗಬೇಕಿತ್ತು. ಗಂಗಾವತಿಯಿಂದ ಎರಡು ಹರದಾರಿ ದೂರದ ಆ ಊರಲ್ಲಿ ಮೂವತ್ತು ವರ್ಷಗಳಿಂದ ಹುಟ್ಟಿದ ಕೂಸುಗಳೆಲ್ಲ ಸೂಲಗಿತ್ತಿ ಹೊಳಿಯಮ್ಮನ ಕೈಮೇಲೆಯೇ ಹುಟ್ಟಿದ್ದವು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಯಾವ ಕೂಸಿನ ಹೆಸರು ಹೇಳಿದರೂ ಒಂದು ಗಳಿಗೆ ಕಣ್ಣು ಮುಚ್ಚಿ, ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ, ಹುಟ್ಟಿದ ದಿನ ಹೇಳಿಬಿಡುತ್ತಿದ್ದಳು.

ಈ ವಿದ್ಯೆ ಅವಳಿಗೆ ಅತ್ತೆ ಹುಲಿಗವ್ವನಿಂದ ಬಂದದ್ದು. "ಹೊಕ್ಕಳಬಳ್ಳಿ ಕೊಯ್ಯೂ ಮೊದ್ಲು ಆ ದಿನ ಲೋಕದಾಗ ಏನ್ ನಡದೈತಿ ಅಂತ ಕೇಳಿಕೊ. ತಾರೀಖು ಮಂದಿ ಮರೀತಾರ, ಸುದ್ದಿ ಮರಿಯಂಗಿಲ್ಲ," ಎಂದು ಮುದುಕಿ ಹೇಳಿಕೊಟ್ಟಿದ್ದಳು. ನಿಜಾಮರ ರಾಜ್ಯದಲ್ಲಿ ಕಚೇರಿಗೆ ಫಸಲಿ ವರ್ಷ, ಮಸೀದಿಗೆ ಹಿಜರಿ, ಅಯ್ಯನವರಿಗೆ ಪಂಚಾಂಗ, ರೈಲು ಟೇಶನ್ನಿಗೆ ಇಂಗ್ಲಿಷ್ ತಾರೀಖು. ಇಷ್ಟೆಲ್ಲದರ ನಡುವೆ ಬಡವರಿಗೆ ಯಾವುದೂ ನೆನಪಿರುತ್ತಿರಲಿಲ್ಲ. ಹೊಳಿಯಮ್ಮನಿಗೆ ಮಾತ್ರ ಎಲ್ಲವೂ ನೆನಪಿತ್ತು. ಹುಜೂರರ ಜುಬಿಲಿಗೆ ಸಾಲಿ ಹುಡುಗರಿಗೆ ಪೇಢೆ ಹಂಚಿದ ದಿನ ಹುಟ್ಟಿದವರು ಯಾರು, ಲಡಾಯಿ ನಿಂತ ಸುದ್ದಿ ಬಂದ ದಿನ ಹುಟ್ಟಿದವರು ಯಾರು, ಯಾವ ಹುಣ್ಣಿಮೆಗೆ ಎಷ್ಟು ದಿನ ಹಿಂದೆ ಮುಂದೆ, ವಾರ ಯಾವುದು, ಹೊತ್ತು ಯಾವುದು, ಎಲ್ಲ.

ಸಾವಿರದ ಒಂಬೈನೂರ ನಲವತ್ತೊಂಬತ್ತರ ಬೇಸಿಗೆ. ನಿಜಾಮರ ಆಳ್ವಿಕೆ ಮುಗಿದು ಎಂಟು ತಿಂಗಳಾಗಿತ್ತು. ಒಂದು ಬೆಳಗ್ಗೆ ಹೊಳಿಯಮ್ಮ ಅಂಗಳದಲ್ಲಿ ಸಗಣಿ ಸಾರಿಸುತ್ತಿದ್ದಾಗ ಪಾರ್ವತೆಮ್ಮ ನಾಲ್ಕು ವರ್ಷದ ಮಗಳ ಕೈ ಹಿಡಿದು ಬಂದು ನಿಂತಳು. ಹುಲಿಗಿಯಿಂದ ಅಷ್ಟು ದೂರ ಬಂದಿದ್ದಳು. ಕಾಲು ಮೊಳಕಾಲಿನವರೆಗೆ ಧೂಳಾಗಿತ್ತು.

"ಹೊಳಿಯಮ್ಮಾ, ನನ್ನ ಮಗಳನ್ನ ಹಾದರಕ್ಕ ಹುಟ್ಟಿದಾಕಿ ಅಂತ ಕಾಗದದಾಗ ಬರದಾರ," ಎಂದಳು. ಅಷ್ಟು ಹೇಳಿ ಕಟ್ಟೆಯ ಮೇಲೆ ಕುಸಿದು ಕೂತಳು.

ಪಾರ್ವತೆಮ್ಮ ಇದೇ ಊರಿನ ಸೊಸೆ. ಗಂಡ ಅಂದಪ್ಪ ತನ್ನ ಅಣ್ಣ ಗವಿಸಿದ್ದಪ್ಪನಿಂದ ಬೇರೆಯಾಗಿ, ಊರ ನಡುವಿನ ಮನೆ, ಕಾಲುವೆ ಕೆಳಗಿನ ಗದ್ದೆ ಪಡೆದು ಚೆನ್ನಾಗಿ ಬಾಳುತ್ತಿದ್ದ. ಐದು ವರ್ಷದ ಹಿಂದೆ ಪಾರ್ವತೆಮ್ಮ ನಾಗರ ಪಂಚಮಿಗೆಂದು ಹುಲಿಗಿಯ ತವರಿಗೆ ಹೋಗಿದ್ದಳು. ಪಂಚಮಿಯ ಮರುದಿನ ಇತ್ತ ಅಂದಪ್ಪನ ಎತ್ತು ಬೆದರಿ, ಬಂಡಿ ಮಗುಚಿ, ಅವನ ಎದೆಯ ಮೇಲೆ ಬಿತ್ತು. ಸಂಜೆಯೊಳಗೆ ಪ್ರಾಣ ಹೋಯಿತು. ಆಗ ಪಾರ್ವತೆಮ್ಮನಿಗೆ ಎರಡು ತಿಂಗಳು. ಅದು ಅವಳ ತಾಯಿಗೆ ಮತ್ತು ಹೊಳಿಯಮ್ಮನಿಗೆ ಮಾತ್ರ ಗೊತ್ತಿತ್ತು. ಅವಳು ತವರಲ್ಲೇ ಉಳಿದಳು, ಅಲ್ಲೇ ಹೆತ್ತಳು. ಕೂಸಿನ ಹುಟ್ಟನ್ನು ಊರ ದಫ್ತರದಲ್ಲಿ ಬರೆಸಿರೆಂದು ತವರಿನವರು ಗವಿಸಿದ್ದಪ್ಪನಿಗೆ ಹೇಳಿಕಳಿಸಿದರು. ಅವನು "ಆಗಲಿ" ಎಂದ. ಆರು ತಿಂಗಳು ಸುಮ್ಮನಿದ್ದು, ಊರ ಲೆಕ್ಕ ಬರೆಯುವ ಪಟವಾರಿಯನ್ನು ಕೈಗೆ ಹಾಕಿಕೊಂಡು, ಶ್ರಾವಣದಲ್ಲಿ ಕೂಸು ಹುಟ್ಟಿತೆಂದು ಬರೆಸಿದ.

ಅಂದರೆ, ಅಪ್ಪ ಸತ್ತು ಹದಿಮೂರು ತಿಂಗಳಿಗೆ ಹುಟ್ಟಿದ ಕೂಸು.

ಮುಂದೆ ರಜಾಕಾರರ ಗದ್ದಲ ಶುರುವಾಗಿ ಅರ್ಧ ಊರು ಗಡಿ ದಾಟಿ ಹೋಯಿತು. ಗವಿಸಿದ್ದಪ್ಪ ತಮ್ಮನ ಮನೆಗೆ ತನ್ನ ಬೀಗ ಹಾಕಿದ, ಗದ್ದೆಗೆ ತನ್ನ ನೇಗಿಲು ಹೂಡಿದ. ಈಗ ಹೊಸ ಸರಕಾರ ಬಂದಮೇಲೆ ಪಾರ್ವತೆಮ್ಮ ಗಂಗಾವತಿ ಕಚೇರಿಯಲ್ಲಿ ಗಂಡನ ವಿರಾಸತ್ತು, ಅಂದರೆ ಆಸ್ತಿಯ ವಾರಸು, ತನಗೆ ಸಲ್ಲಬೇಕೆಂದು ಅರ್ಜಿ ಕೊಟ್ಟಿದ್ದಳು. ಅದಕ್ಕೆ ಗವಿಸಿದ್ದಪ್ಪ ಆ ದಫ್ತರದ ನಕಲು ತಂದು ಹಾಜರುಪಡಿಸಿದ್ದ. ಕೆಟ್ಟ ಹೆಂಗಸಿಗೆ ಗಂಡನ ಆಸ್ತಿಯಲ್ಲಿ ಹಕ್ಕಿಲ್ಲ ಎಂಬುದು ಅವನ ವಾದ.

"ಆಸ್ತಿ ಹೋದ್ರ ಹೋಗವಲ್ದು," ಎಂದಳು ಪಾರ್ವತೆಮ್ಮ. "ಈ ಕೂಸು ನಾಳೆ ದೊಡ್ಡಾಕಿ ಆಗಿ, ಯವ್ವಾ ನಾ ಯಾರ ಮಗಳು ಅಂದ್ರ ಏನ್ ಹೇಳ್ಲಿ? ನಮ್ಮವ್ವ ಇದ್ದಿದ್ರ ಆಕಿ ಸಾಕ್ಷಿ ಹೇಳ್ತಿದ್ಲು. ಆಕೀನೂ ಹೋದ್ಲು. ಬಂಡಿ ಹೊಡದ ಗಾಳೆಪ್ಪನೂ ಹೋದ. ತವರಿನ ಮಂದಿ ಹೇಳಿದ್ರ ನಮ್ಮ ಬಳಗ ಅಂತಾರ. ಇನ್ನ ಉಳದಾಕಿ ನೀ ಒಬ್ಬಾಕಿ."

ಹೊಳಿಯಮ್ಮ ಕೈಯ ಸಗಣಿ ತೊಳೆದುಕೊಂಡಳು. ಹುಡುಗಿಯ ಗಲ್ಲ ಹಿಡಿದು ಮುಖ ಎತ್ತಿ ನೋಡಿದಳು. "ಎಷ್ಟು ದೊಡ್ಡಾಕಿ ಆಗ್ಯಾಳ ನಮ್ಮ ಪಂಪಮ್ಮ! ಕಾಲು ಮುಂದ ಮಾಡಿ ಬಂದಾಕಿ ಇಕಿ. ಅವ್ವಾರ, ಆ ದಿನ ನಾ ಮರತ್ರ ನನ್ನ ಕೈ ಕಡದು ಹಾಕ್ರಿ. ನಾ ಬರ್ತೀನಿ."

ಮರೆಯುವಂಥ ದಿನವೇ ಅಲ್ಲ ಅದು. ಭಾರತ ಹುಣ್ಣಿಮೆಗೆ ಹುಲಿಗೆಮ್ಮನಿಗೆ ನಡೆದುಕೊಳ್ಳಲು ಹೊಳಿಯಮ್ಮ ಹುಲಿಗಿಗೆ ಹೋಗಿದ್ದಳು. ಮರುದಿನ ಬುಧವಾರ, ಊರಿಗೆ ಹೊರಡುವ ಮುಂಚೆ ಪಾರ್ವತೆಮ್ಮನನ್ನು ಮಾತಾಡಿಸಿ ಹೋಗೋಣವೆಂದು ಬಂದರೆ ಅವಳಿಗೆ ಬೇನೆ ಹತ್ತಿತ್ತು. ಹೊಟ್ಟೆ ಮುಟ್ಟಿ ನೋಡಿದಳು. ತಲೆ ಇರಬೇಕಾದಲ್ಲಿ ಕಾಲಿತ್ತು. ಹೊಳೆಯಾಚೆ ಹೊಸಪೇಟೆಯ ದವಾಖಾನೆಗೆ ಒಯ್ಯುವುದೇ ಸೈ ಎಂದು ಗಾಳೆಪ್ಪನಿಂದ ಬಂಡಿ ಹೂಡಿಸಿ ಮುನಿರಾಬಾದ ಟೇಶನ್ನಿನ ಕಡೆ ಹೊರಟರು. ದಾರಿಯಲ್ಲಿ ನೋಡಿದರೆ ಎಲ್ಲೆಲ್ಲೂ ತೋರಣ, ಬಣ್ಣದ ಕಮಾನು, ಸಾಲು ಸಾಲು ಪೊಲೀಸರು. ತುಂಗಭದ್ರೆಗೆ ಕಟ್ಟುವ ದೊಡ್ಡ ಆಣೆಕಟ್ಟಿಗೆ ಅಂದು ಅಡಿಗಲ್ಲು. ಹೈದರಾಬಾದಿನಿಂದ ರಾಜಕುಮಾರರು ಬರುವವರಿದ್ದರು. ಮೋಟಾರುಗಳು ಹಾಯುವವರೆಗೆ ಬಂಡಿ ಬಿಡಕೂಡದೆಂದು ಅಪ್ಪಣೆಯಾಗಿತ್ತು.

ಬಂಡಿಗೆ ಅಡ್ಡ ನಿಂತ ಪೊಲೀಸಿನವನ ಹೆಸರು ಮದಾರಸಾಬ. ಮೊದಲು ಗದರಿಸಿದ. ಒಳಗಿನಿಂದ ಚೀರಿದ್ದು ಕೇಳಿ ಬಗ್ಗಿ ನೋಡಿದ, ಬಾಯಿ ಮುಚ್ಚಿಕೊಂಡ. ಇನ್ನು ಹೊಸಪೇಟೆಯ ಮಾತಿಲ್ಲ ಎಂದು ಹೊಳಿಯಮ್ಮನಿಗೆ ತಿಳಿದಿತ್ತು. ಬಂಡಿಯನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಮದಾರಸಾಬ ತನ್ನ ರುಮಾಲು ಬಿಚ್ಚಿ ಬಂಡಿಗೆ ಅಡ್ಡ ಕಟ್ಟಿದ. "ಬಿಸಿನೀರು ಬೇಕು" ಎಂದು ಹೊಳಿಯಮ್ಮ ಕೂಗಿದಾಗ ಆಚೀಚೆ ನೋಡಿದ. ಆಮೇಲೆ ತನ್ನ ಜಾಗ ಬಿಟ್ಟು ಓಡಿದ. ಡೇರೆಯಲ್ಲಿ ಸಾಹೇಬರ ಚಹಕ್ಕೆ ಕಾಯಿಸಿದ್ದ ನೀರನ್ನೇ ಎತ್ತಿಕೊಂಡು ಬಂದ. ಅತ್ತ ಮೋಟಾರುಗಳು ಧೂಳೆಬ್ಬಿಸಿ ಹಾದುಹೋದವು, ಇತ್ತ ಕೂಸಿನ ಕಾಲು ಹೊರಬಂತು. ಉಸಿರಿಲ್ಲದ ನೀಲಿ ಕೂಸನ್ನು ಹೊಳಿಯಮ್ಮ ತಲೆಕೆಳಗು ಹಿಡಿದು ಬೆನ್ನಿಗೆ ಎರಡೇಟು ಹಾಕಿದಳು. ಅದು ಅತ್ತಿತು. ಮದಾರಸಾಬನೂ ಅತ್ತ.

* * *

ಹೊಳಿಯಮ್ಮ ಸಾಕ್ಷಿ ಹೇಳುತ್ತಾಳೆಂಬ ಸುದ್ದಿ ಎರಡೇ ದಿನದಲ್ಲಿ ಗವಿಸಿದ್ದಪ್ಪನ ಕಿವಿಗೆ ಬಿತ್ತು. ಅವನು ಸ್ವತಃ ಕೇರಿಗೆ ಬಂದ. ಗುಡಿಸಲಿನಿಂದ ಹತ್ತು ಹೆಜ್ಜೆ ದೂರ ಕೊಡೆ ಹಿಡಿದು ನಿಂತ.

"ಏ ಹೊಳಿಯಮ್ಮ, ಕಚೇರಿ ಗಿಚೇರಿ ಅಂತ ನಿನಗ ಯಾಕ ಬೇಕು? ನಿನ್ನ ಮಗ ನನ್ನ ಹೊಲದಾಗ ದುಡೀತಾನ. ನೀ ದೊಡ್ಡವರ ಮನಿ ಬಾಣಂತನ ಮಾಡಿ ಉಣ್ತಿ. ಎರಡೂ ಉಳಿಸ್ಕೋ."

"ಧಣೇರ, ನಾ ಯಾರ ಮ್ಯಾಲೂ ಏನೂ ಹೇಳಂಗಿಲ್ಲ," ಎಂದಳು ಹೊಳಿಯಮ್ಮ. "ಕೂಸು ಯಾವತ್ತು ಹುಟ್ಟೈತಿ ಅಷ್ಟು ಹೇಳ್ತೀನಿ. ಅದು ನಿಮಗ ಯಾಕ ಚುಚ್ಚತೈತಿ?"

ಗವಿಸಿದ್ದಪ್ಪ ಕೊಡೆ ತಿರುಗಿಸಿಕೊಂಡು ಹೋದ. ಮರುದಿನವೇ ಅವಳ ಮಗ ಓಬಳೆಪ್ಪನನ್ನು ಕೆಲಸದಿಂದ ಬಿಡಿಸಿದ. ಆ ವಾರ ಎರಡು ಮನೆಯಲ್ಲಿ ಹೆರಿಗೆಯಾಯಿತು. ಎರಡಕ್ಕೂ ಬೇರೆ ಊರಿನ ಸೂಲಗಿತ್ತಿಯನ್ನು ಬಂಡಿ ಕಳಿಸಿ ಕರೆಸಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ ತುಪ್ಪದಹಾಳದಲ್ಲಿ ಕೂಸು ಅತ್ತ ಸದ್ದನ್ನು ಹೊಳಿಯಮ್ಮ ತನ್ನ ಗುಡಿಸಲಲ್ಲಿ ಕೂತು ಕೇಳಿದಳು. ಅದರಿಂದ ಅವಳಿಗೆ ಹಸಿವಿಗಿಂತ ಹೆಚ್ಚು ನೋವಾಯಿತು.

"ಯವ್ವಾ, ನೀ ಹಿಂದ ಸರೀಬ್ಯಾಡ," ಎಂದ ಓಬಳೆಪ್ಪ. "ಮುನಿರಾಬಾದಿನ್ಯಾಗ ಆಣೆಕಟ್ಟಿನ ಕೆಲಸಕ್ಕ ಆಳು ತಗೊಳ್ಳಾಕತ್ಯಾರಂತ. ನಾ ಅಲ್ಲಿಗೆ ಹೊಕ್ಕೀನಿ."

ಹತ್ತು ದಿನದ ಮೇಲೆ ಓಬಳೆಪ್ಪ ತಿರುಗಿ ಬಂದ. ಬಂದವನು ಇನ್ನೂ ಗಂಟು ಇಳಿಸಿರಲಿಲ್ಲ, "ಯವ್ವಾ, ಆವತ್ತು ರುಮಾಲು ಕಟ್ಟಿದ ಪೊಲೀಸನ ಹೆಸರು ಏನಂದಿ?" ಎಂದು ಕೇಳಿದ.

"ಮದಾರಸಾಬ."

"ಅಲ್ಲಿ ಸಿಮೆಂಟ್ ಗೋದಾಮು ಕಾಯೋ ಮುದುಕನ ಹೆಸರೂ ಅದs. ಮೊದ್ಲು ಪೊಲೀಸಿನ್ಯಾಗ ಇದ್ದನಂತ."

ಹೊಳಿಯಮ್ಮ ಅಂದೇ ರೊಟ್ಟಿ ಕಟ್ಟಿಕೊಂಡು ಮಗನ ಜೊತೆ ಹೊರಟಳು.

ಮುನಿರಾಬಾದಿನಲ್ಲಿ ಅವಳಿಗೆ ಗುರುತು ಹತ್ತಲಿಲ್ಲ. ಬಯಲಿದ್ದಲ್ಲಿ ಸಾವಿರಾರು ಗುಡಿಸಲು ಎದ್ದಿದ್ದವು. ಕಲ್ಲು ಒಡೆಯುವ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ತೆಲುಗು, ತಮಿಳು, ಉರ್ದು, ಎಲ್ಲ ಭಾಷೆಯ ಜನ ತಲೆಯ ಮೇಲೆ ಬುಟ್ಟಿ ಹೊತ್ತು ಇರುವೆಯ ಹಾಗೆ ಸಾಲಾಗಿ ನಡೆದಿದ್ದರು. ಗೋದಾಮಿನ ಹಿಂದಿನ ತಗಡಿನ ಮನೆಯ ಮುಂದೆ ಗಡ್ಡ ಬೆಳ್ಳಗಾದ ಒಬ್ಬ ಮನುಷ್ಯ ಕುರ್ಚಿಯ ಮೇಲೆ ಕೂತಿದ್ದ. ಹೊಳಿಯಮ್ಮ ನೇರ ಅವನ ಮುಂದೆ ಹೋಗಿ ನಿಂತಳು.

"ಸಾಬರ, ಬಿಸಿನೀರು ತಂದು ಕೊಟ್ಟಿದ್ರಿ. ನೆನಪೈತೇನ್ರಿ?"

ಮದಾರಸಾಬ ಅವಳನ್ನೇ ನೋಡಿದ. "ಯಾ ಅಲ್ಲಾ! ಬಂಡಿ ಸೂಲಗಿತ್ತಿ! ಆ ಕೂಸು... ಬದುಕೈತೇನವ್ವಾ?"

"ಬದುಕೈತ್ರಿ. ನಿಮ್ಮನ್ನ ಕರಿಯಾಕs ಬಂದೀನಿ."

ಹೆಂಡತಿ ಜೈನಾಬೀ ಚಾಪೆ ಹಾಸಿ, ನೀರು ಕೊಟ್ಟು, ಬಾಗಿಲ ಬಳಿ ಕೂತಳು. ಹೊಳಿಯಮ್ಮ ಎಲ್ಲ ಹೇಳಿದಳು. ಕೇಳುತ್ತಾ ಕೇಳುತ್ತಾ ಮದಾರಸಾಬನ ಮುಖ ಬಾಡಿತು.

"ಅವ್ವಾ, ನಾ ಬರಾಕ ಆಗಂಗಿಲ್ಲ. ಈಗ ಕಾಲ ಹ್ಯಾಂಗೈತಿ ನಿನಗ ಗೊತ್ತೈತಿ. ನಾ ನಿಜಾಮರ ಪೊಲೀಸು, ಮ್ಯಾಲ ಮುಸಲ್ಮಾನ. ಹೋದ ವರ್ಷ ನನ್ನ ತೆಗದು ಹಾಕಿದ್ರು. ಯಾರ ತಂಟೇಕೂ ಹೋಗಲಿಲ್ಲ ಅಂತ ಈ ಗೋದಾಮು ಸಿಕ್ಕೈತಿ. ಕಚೇರ್ಯಾಗ ನಿಂತ್ರ, ಯಾರೋ ಒಬ್ಬ ಎದ್ದು ಇವ ರಜಾಕಾರ ಅಂದ್ರ ಮುಗೀತು. ನನ್ನ ಮಾತು ಯಾರು ನಂಬ್ತಾರ?"

"ನಾ ನಂಬ್ತೀನಿ," ಎಂದಳು ಹೊಳಿಯಮ್ಮ. "ನನ್ನ ಮಾತೂ ಯಾರೂ ನಂಬಂಗಿಲ್ರಿ ಸಾಬರ. ಕೇರಿ ಹೆಂಗಸು, ಅಕ್ಷರ ಇಲ್ಲದಾಕಿ. ಇಬ್ರೂ ಸೇರಿ ನಿಂತು ನೋಡೂಣು."

ಜೈನಾಬೀ ಎದ್ದು ಒಳಗೆ ಹೋದಳು. ಟ್ರಂಕು ತೆರೆದ ಸದ್ದಾಯಿತು. ಹಳದಿಯಾದ ಒಂದು ಕಾಗದ ತಂದು ಗಂಡನ ಮುಂದಿಟ್ಟಳು.

"ಇದನ್ನ ಯಾಕ ತಂದಿ?" ಎಂದು ಅವನು ಸಿಡುಕಿದ.

"ಆ ದಿನ ಜಾಗಾ ಬಿಟ್ಟು ಹೋದ್ರು ಅಂತ ಇವರಿಗೆ ಬಂದ ಸಜಾದ ಹುಕುಂ ಅಕ್ಕಾ, ಇದು," ಎಂದಳು ಜೈನಾಬೀ ಹೊಳಿಯಮ್ಮನಿಗೆ. "ಈ ಕಾಗದದ ದೆಸಿಯಿಂದ ಜಮಾದಾರ ಆಗೋದು ತಪ್ಪಿತು. ನಾಚಿಕೀಲೆ ಯಾರಿಗೂ ತೋರಿಸಿಲ್ಲ. ನಾ ಮಾತ್ರ ಒಗದಿಲ್ಲ. ನನ್ನ ಗಂಡ ಒಂದು ಜೀವ ಉಳಿಸಿದ್ದಕ್ಕ ಸರಕಾರ ಬರದು ಕೊಟ್ಟ ಸಾಕ್ಷಿ ಇದು ಅಂತ ಇಟ್ಕೊಂಡೀನಿ." ಆಮೇಲೆ ಗಂಡನ ಕಡೆ ತಿರುಗಿ, "ಹೋಗ್ರಿ. ಹೆದರಿ ಕುಂತ್ರ ನಾಲ್ಕು ದಿನ ಹೆಚ್ಚಿಗಿ ಬದುಕ್ತೀರಿ, ಅಷ್ಟs," ಎಂದಳು.

ಹೊಳಿಯಮ್ಮ ಕಾಗದವನ್ನು ಎತ್ತಿಕೊಂಡಳು. ಅಕ್ಷರ ಅವಳಿಗೆ ಕಪ್ಪು ಗೀರು ಮಾತ್ರ. "ಇದರಾಗ ದಿನ ಬರದಾರೇನ್ರಿ?"

"ಬರದಾರ," ಎಂದ ಮದಾರಸಾಬ. ಆಗಷ್ಟೇ ಅವನಿಗೆ ಅದರ ಬೆಲೆ ಹೊಳೆಯಿತು. ಕಣ್ಣರಳಿಸಿ ಹೆಂಡತಿಯನ್ನು ನೋಡಿದ.

* * *

ವಿಚಾರಣೆಯ ದಿನ ಗಂಗಾವತಿ ಕಚೇರಿಯ ಅಂಗಳ ತುಂಬಿತ್ತು. ತುಪ್ಪದಹಾಳದ ಜನ ಅಕ್ಕಿಯ ಬಂಡಿಗಳಲ್ಲೇ ಕೂತು ಬಂದಿದ್ದರು. ತಹಸೀಲ್ದಾರರು ಹೊಸಬರು, ಧಾರವಾಡದ ಕಡೆಯಿಂದ ಬಂದವರು, ಕನ್ನಡ ಮಾತಾಡುತ್ತಿದ್ದರು. ಮೇಜಿನ ಮೇಲೆ ಪಟವಾರಿ ತಂದ ಹುಟ್ಟು ಸಾವಿನ ದಫ್ತರ, ಪಕ್ಕದಲ್ಲಿ ಎಲ್ಲ ತಾರೀಖುಗಳನ್ನೂ ಕೂಡಿಸಿ ಅಚ್ಚು ಹಾಕಿದ ದಪ್ಪನೆಯ ಜಂತ್ರಿ.

ಹೊಳಿಯಮ್ಮ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗವಿಸಿದ್ದಪ್ಪನ ವಕೀಲ ನಗುತ್ತ ಎದ್ದ.

"ಏನಮ್ಮಾ, ನಿನಗ ಓದಾಕ ಬರತೈತೇನು?"

"ಇಲ್ರಿ."

"ನಿನ್ನ ವಯಸ್ಸೆಷ್ಟು?"

"ಗೊತ್ತಿಲ್ರಿ. ನಾ ಹುಟ್ಟೂವಾಗ ನಾ ಸೂಲಗಿತ್ತಿ ಇದ್ದಿದ್ದಿಲ್ಲ."

ಜನ ಗೊಳ್ಳೆಂದು ನಕ್ಕರು. ವಕೀಲನ ಮುಖ ಕೆಂಪಾಯಿತು. "ನೋಡ್ರಿ ಸಾಹೇಬ್ರ, ತನ್ನ ವಯಸ್ಸು ತನಗ ಗೊತ್ತಿಲ್ಲದಾಕಿ ನಾಲ್ಕು ವರ್ಷದ ಹಿಂದಿನ ತಾರೀಖು ಹೇಳ್ತಾಳ. ಸರಕಾರಿ ದಫ್ತರ ಸುಳ್ಳು, ಈ ಹೆಂಗಸಿನ ಬಾಯಿ ಖರೇ ಅನ್ನೋದಾದ್ರ ಇನ್ನ ಕಚೇರಿ ಯಾಕ ಬೇಕು?"

"ಬರಿಯೋರು ತಪ್ಪು ದಿನ ಬರೀಬಹುದ್ರಿ," ಎಂದಳು ಹೊಳಿಯಮ್ಮ. "ಕೂಸು ತಪ್ಪು ದಿನ ಹುಟ್ಟಂಗಿಲ್ರಿ."

ತಹಸೀಲ್ದಾರರು ಕನ್ನಡಕ ತೆಗೆದು ಅವಳನ್ನು ನೋಡಿದರು. ಆಮೇಲೆ ದಫ್ತರವನ್ನು ಗುಮಾಸ್ತನ ಮುಂದೆ ಸರಿಸಿ, "ಎಲ್ಲಿ ಬೇಕಾದಲ್ಲಿ ತೆಗೀರಿ. ಒಂದು ಹೆಸರು ಓದ್ರಿ. ತಾರೀಖು ಓದಬ್ಯಾಡ್ರಿ," ಎಂದರು.

ಗುಮಾಸ್ತ ನಡುವೆ ತೆರೆದ. "ದುರುಗವ್ವನ ಗಂಡು ಕೂಸು."

ಹೊಳಿಯಮ್ಮ ಕಣ್ಣು ಮುಚ್ಚಿದಳು. ಹೆಬ್ಬೆರಳು ಗೆಣ್ಣುಗಳ ಮೇಲೆ ಓಡಿತು. "ಗಾಂಧಿ ಮುತ್ಯಾನ್ನ ಹೊಡದು ಕೊಂದ ಸುದ್ದಿ ಊರಿಗೆ ಬಂದ ಮುಂಜಾನೆ. ಬನದ ಹುಣ್ಣಿಮಿ ಆಗಿ ಐದನೇ ದಿನ. ಶನಿವಾರ."

ಗುಮಾಸ್ತ ದಫ್ತರ ನೋಡಿದ, ಜಂತ್ರಿಯ ಹಾಳೆ ತಿರುವಿದ. "ಜನವರಿ ಮೂವತ್ತೊಂದು, ನಲವತ್ತೆಂಟು. ಶನಿವಾರ. ಸರಿ ಐತ್ರಿ."

"ಇನ್ನೊಂದು."

"ಬಾಷಾಬಿಯ ಹೆಣ್ಣು ಕೂಸು."

"ಹೊಳಿ ಆಚಿ ಹೊಸಪೇಟ್ಯಾಗ ಸ್ವತಂತ್ರದ ಝಂಡಾ ಏರಿಸಿದ ದಿನ. ನಾವು ಈಚಿ ಕಡಿ ಸಪ್ಪಳ ಮಾಡದs ಕುಂತಿದ್ವಿ. ನಮಗ ಅಧಿಕ ಮಾಸ, ಬಾಷಾಬಿಗೆ ರಂಜಾನ್. ಕಡೀ ಶುಕ್ರವಾರ. ರೋಜಾ ಹಿಡದು ಹಡದ್ಲು, ಹಟಮಾರಿ."

ಜಂತ್ರಿಯ ಹಾಳೆ ಮತ್ತೆ ಮಗುಚಿತು. "ಆಗಸ್ಟ್ ಹದಿನೈದು, ನಲವತ್ತೇಳು. ಶುಕ್ರವಾರ. ರಂಜಾನ್ ತಿಂಗಳು." ಗುಮಾಸ್ತನ ದನಿಯಲ್ಲಿ ಬೆರಗಿತ್ತು. ಅಂಗಳದ ಜನ ಸದ್ದಿಲ್ಲದೆ ಬಾಗಿಲಿಗೆ ಒತ್ತಿಕೊಂಡರು.

"ಕುಂಬಾರ ಕೇರಿಯ ಮಾಶಾಬಿ, ಗಂಡು ಕೂಸು."

"ನಿಜಾಮರು ಶರಣು ಬಂದ ದಿನ. ಅನಂತನ ಹುಣ್ಣಿಮಿ ಹಿಂದಿನ ದಿನ, ಶುಕ್ರವಾರ, ಹೊತ್ತು ಮುಳುಗೂ ಮೊದ್ಲು."

ಗುಮಾಸ್ತ ತಲೆಯಾಡಿಸಿದ. "ಇದು ಕೂಡಂಗಿಲ್ರಿ. ಇಲ್ಲಿ ಶನಿವಾರ ಅಂತೈತಿ. ಸಪ್ಟಂಬರ ಹದಿನೆಂಟು."

ವಕೀಲ ಎದ್ದೇಬಿಟ್ಟ. "ನೋಡಿದ್ರೇನ್ರಿ!"

"ಶುಕ್ರವಾರ ಅಂದ್ರ ಶುಕ್ರವಾರರಿ," ಎಂದಳು ಹೊಳಿಯಮ್ಮ, ದನಿ ಏರಿಸದೆ. "ಪಟವಾರಿಗಳನ್ನs ಕೇಳ್ರಿ. ಆವತ್ತು ಅವರು ಹೆದರಿ ಮನಿ ಬಾಗಿಲು ಹಾಕ್ಕೊಂಡು ಕುಂತಿದ್ರು. ಮಾಶಾಬಿ ಗಂಡ ಎಷ್ಟು ಬಡದ್ರೂ ತಗೀಲಿಲ್ಲ. ಮರುದಿನ ಬರಕೊಂಡ್ರು."

ಎಲ್ಲರೂ ಪಟವಾರಿಯ ಕಡೆ ತಿರುಗಿದರು. ತಹಸೀಲ್ದಾರರು "ಹೌದೇನು?" ಎಂದರು. "ಹೌದ್ರಿ. ಮರುದಿನ ಬರಕೊಂಡೆ," ಎಂದು ಪಟವಾರಿ ಮೆಲ್ಲಗೆ ಒಪ್ಪಿಕೊಂಡ.

ಅಂಗಳದಲ್ಲಿ ಯಾರೋ ಸೀಟಿ ಹೊಡೆದರು. ಜವಾನ ಗದರಿಸಬೇಕಾಯಿತು.

ಆಗ ಜೈನಾಬೀಯ ಪಕ್ಕದಿಂದ ಎದ್ದು ಮದಾರಸಾಬ ಮುಂದೆ ಬಂದ. ವಕೀಲ ಅವನ ಹಳೆಯ ನೌಕರಿಯ ಮಾತು ತೆಗೆದು ರಜಾಕಾರ ಎನ್ನುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವನು ಕಾಗದವನ್ನು ಮೇಜಿನ ಮೇಲೆ ಇಟ್ಟಿದ್ದ. "ನನ್ನ ಮಾತು ನಂಬಬ್ಯಾಡ್ರಿ ಸಾಹೇಬ್ರ. ನನಗ ಸಜಾ ಕೊಟ್ಟವರ ಮಾತು ನಂಬ್ರಿ."

ಉರ್ದು ಬಲ್ಲ ಗುಮಾಸ್ತ ಎದ್ದು ನಿಂತು ಓದಿದ, ಒಂದೊಂದು ಸಾಲನ್ನೂ ಕನ್ನಡಕ್ಕೆ ತಿರುಗಿಸುತ್ತ. ಫಸಲಿ ಹದಿಮೂರುನೂರ ಐವತ್ತನಾಲ್ಕರ ಫರವರ್ದಿ ತಿಂಗಳು, ಆಣೆಕಟ್ಟಿನ ಅಡಿಗಲ್ಲಿನ ದಿನ, ಸಿಪಾಯಿ ಮದಾರಸಾಬನು, ಹುಲಿಗಿ ರಸ್ತೆಯಲ್ಲಿ ಬಂಡಿಯೊಳಗೆ ಹೆರುತ್ತಿದ್ದ ಒಬ್ಬ ಹಿಂದೂ ವಿಧವೆಗೆ ಸಹಾಯ ಮಾಡಲು, ಅಪ್ಪಣೆ ಇಲ್ಲದೆ ತನ್ನ ಜಾಗ ಬಿಟ್ಟು...

ಅಲ್ಲಿಗೆ ಓದುವುದನ್ನು ನಿಲ್ಲಿಸಿದ. ಜಂತ್ರಿ ನೋಡಿ ಹೇಳಿದ: "ಇಂಗ್ಲಿಷ್ ತಾರೀಖು, ಸಾವಿರದ ಒಂಬೈನೂರ ನಲವತ್ತೈದು, ಫೆಬ್ರುವರಿ ಇಪ್ಪತ್ತೆಂಟು. ಬುಧವಾರ. ಭಾರತ ಹುಣ್ಣಿಮಿ ಮರುದಿನ."

ತಹಸೀಲ್ದಾರರು ಬೆರಳು ಮಡಿಸಿ ಎಣಿಸಿದರು. ಪಂಚಮಿಯಿಂದ ಭಾರತ ಹುಣ್ಣಿಮೆಗೆ ಏಳು ತಿಂಗಳು. ಅಂದಪ್ಪ ಸತ್ತಾಗ ಬಸಿರಿಗೆ ಎರಡು.

"ಪಟವಾರಿ," ಎಂದರು ಅವರು, "ಶ್ರಾವಣ ಅಂತ ಬರಿಯಾಕ ಹೇಳಿದವ್ರು ಯಾರು?"

ಪಟವಾರಿ ಗವಿಸಿದ್ದಪ್ಪನ ಕಡೆ ನೋಡಿದ. ಗವಿಸಿದ್ದಪ್ಪ ಗೋಡೆಯ ಕಡೆ ನೋಡಿದ. ವಕೀಲ ತನ್ನ ಕಾಗದಗಳನ್ನು ಕಟ್ಟತೊಡಗಿದ್ದ. "ಅವರs ಹೇಳಿದ್ರಿ," ಎಂದು ಪಟವಾರಿ ಕೈಮುಗಿದ. "ತಪ್ಪಾತ್ರಿ."

ತೀರ್ಪು ಬಾಯಿಮಾತಿನಲ್ಲೇ ಆಯಿತು: ಪಂಪಮ್ಮ ಅಂದಪ್ಪನ ಮಗಳು, ಮನೆ ಗದ್ದೆ ಎರಡೂ ಪಾರ್ವತೆಮ್ಮನ ವಶಕ್ಕೆ, ಸುಳ್ಳು ಬರೆದ ಪಟವಾರಿಯ ಮೇಲೆ ಬೇರೆ ವಿಚಾರಣೆ. ಪಾರ್ವತೆಮ್ಮ ಮಗಳನ್ನು ಅಪ್ಪಿಕೊಂಡಳು. ಹೊರಗೆ ಜನ ಹೋ ಎಂದು ಕೂಗಿದರು.

"ದಫ್ತರದಾಗ ಆ ಸಾಲು ತಿದ್ದಬೇಕು," ಎಂದರು ತಹಸೀಲ್ದಾರರು. "ಏನಂತ ಬರೀಬೇಕು, ನೀವs ಹೇಳ್ರಿ ಹೊಳಿಯಮ್ಮ."

ಬಹುವಚನದಲ್ಲಿ ಅಧಿಕಾರಿಯೊಬ್ಬರು ತನ್ನನ್ನು ಕರೆದದ್ದು ಹೊಳಿಯಮ್ಮನಿಗೆ ಮೊದಲ ಅನುಭವ. ಸೆರಗು ಸರಿಮಾಡಿಕೊಂಡು, ನೆಟ್ಟಗೆ ನಿಂತು ಹೇಳಿದಳು. "ಬರಕೋರಿ. ಅಂದಪ್ಪನ ಮಗಳು ಪಂಪಮ್ಮ. ತಾಯಿ ಪಾರ್ವತೆಮ್ಮ. ಹುಟ್ಟಿದ್ದು ಭಾರತ ಹುಣ್ಣಿಮಿ ಮರುದಿನ ಬುಧವಾರ, ಆಣೆಕಟ್ಟಿಗೆ ಅಡಿಗಲ್ಲು ಹಾಕಿದ ದಿನ, ಮೋಟಾರ್ ಹಾಯ್ದು ಹೋಗೂವಾಗ. ಕನ್ನಡದಾಗ ಬರೀರಿ ಎಪ್ಪಾ, ಆ ಹುಡುಗಿ ಮುಂದ ಓದ್ಕೊಳ್ಳಲಿ."

ಉರ್ದು ಸಾಲುಗಳ ನಡುವೆ ಗುಮಾಸ್ತ ದುಂಡಗೆ ಕನ್ನಡದಲ್ಲಿ ಬರೆದ. ಕೆಳಗೆ ಹೊಳಿಯಮ್ಮ ಹೆಬ್ಬೆಟ್ಟು ಒತ್ತಿದಳು. ಪಕ್ಕದಲ್ಲಿ ಮದಾರಸಾಬ ಸಹಿ ಹಾಕಿದ.

ಮಧ್ಯಾಹ್ನದ ಸುಡುಬಿಸಿಲಲ್ಲೇ ಬಂಡಿಗಳು ತುಪ್ಪದಹಾಳಕ್ಕೆ ಹೊರಟವು. ಮುಂದಿನ ಬಂಡಿಯಲ್ಲಿ ಪಾರ್ವತೆಮ್ಮ, ಹೊಳಿಯಮ್ಮ, ಜೈನಾಬೀ. ಮದಾರಸಾಬನ ಹೆಗಲ ಮೇಲೆ ಪಂಪಮ್ಮ. ಓಬಳೆಪ್ಪ ಎತ್ತುಗಳ ಜೊತೆ ಹಾಡುತ್ತ ನಡೆದ. ಊರ ಅಗಸಿ ಬಾಗಿಲಲ್ಲಿ ದುರುಗವ್ವ, ಬಾಷಾಬಿ ತಂತಮ್ಮ ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. "ಹೊಳಿಯವ್ವ ಗೆದ್ದು ಬಂದ್ಲು!" ಎಂದು ಬಾಷಾಬಿ ಕೂಗಿದ್ದಕ್ಕೆ ಓಣಿಯ ಬಾಗಿಲುಗಳೆಲ್ಲ ತೆರೆದವು.

ಅಂದಪ್ಪನ ಮನೆಯ ಬೀಗವನ್ನು ಕಚೇರಿಯ ಜವಾನನೇ ತೆಗೆದ. ಪಾರ್ವತೆಮ್ಮ ಹೊಸ್ತಿಲಿಗೆ ನೀರು ಹಾಕಿ, ಅರಿಶಿನ ಹಚ್ಚಿ, ಮಗಳನ್ನು ಒಳಗೆ ಕಳಿಸಿದಳು. ಆಮೇಲೆ ಹಿಂದೆ ತಿರುಗಿದಳು. ಹೊಳಿಯಮ್ಮ ಅಭ್ಯಾಸದಂತೆ ಹಿತ್ತಿಲ ಕಡೆ ಹೊರಟಿದ್ದಳು. ಎಂಥ ದೊಡ್ಡ ಮನೆಯ ಕೂಸನ್ನೇ ಹಿಡಿದಿರಲಿ, ಸೂಲಗಿತ್ತಿ ಹೋಗುವುದು ಹಿತ್ತಿಲ ಬಾಗಿಲಿನಿಂದ.

"ಆ ಕಡೆ ಎಲ್ಲಿಗೆ?" ಎಂದು ಪಾರ್ವತೆಮ್ಮ ಅವಳ ತೋಳು ಹಿಡಿದಳು. "ತಲಬಾಗಿಲಿಲೆ ಬಾ. ನೀನೂ ಬಾರವ್ವಾ ಜೈನಾಬೀ. ಸಾಬರ, ನೀವೂ ಬರ್ರಿ."

"ಬ್ಯಾಡ್ರಿ ಅವ್ವಾರ, ಮಂದಿ ನೋಡ್ತಾರ."

"ನೋಡ್ಲಿ ಅಂತs ಕರಿಯಾಕತ್ತೀನಿ."

ಓಣಿಯ ಜನ ನೋಡುತ್ತಿದ್ದರು. ಒಬ್ಬಿಬ್ಬರು ಮುಖ ತಿರುಗಿಸಿದರು. ಉಳಿದವರು ನಿಂತೇ ಇದ್ದರು. ಹೊಳಿಯಮ್ಮ ಧೂಳಿನ ಕಾಲನ್ನು ತೊಳೆದುಕೊಂಡಳು. ಸೆರಗಿನಿಂದ ಒರೆಸಿಕೊಂಡಳು. ಬಲಗಾಲಿಟ್ಟು ಹೊಸ್ತಿಲು ದಾಟಿ, ಪಡಸಾಲೆಯ ನಡುವೆ ಹಾಸಿದ್ದ ಕಂಬಳಿಯ ಮೇಲೆ ಕಾಲು ಮಡಚಿ ಕೂತಳು. ಮದಾರಸಾಬ, ಜೈನಾಬೀ ಎದುರಿಗೆ ಕೂತರು. ಪಾರ್ವತೆಮ್ಮ ಐದು ವರ್ಷದ ಧೂಳು ಕೊಡವಿ ಒಲೆ ಹೊತ್ತಿಸಿದಳು. ನೆರೆಮನೆಯಿಂದ ಬೆಲ್ಲ ಬಂತು, ಬಾಷಾಬಿಯ ಮನೆಯಿಂದ ಶ್ಯಾವಿಗೆ ಬಂತು. ಪಾಯಸ ಕುದಿಯುವ ಹೊತ್ತಿಗೆ ಪಂಪಮ್ಮ ಕೋಣೆಯಿಂದ ಕೋಣೆಗೆ ಓಡಾಡಿ, "ಇದೂ ನಮ್ಮದs? ಇದೂ ನಮ್ಮದs?" ಎಂದು ಕೇಳುತ್ತಿದ್ದಳು. ಹೊಳಿಯಮ್ಮ ಪ್ರತಿ ಸಲವೂ ಗಟ್ಟಿಯಾಗಿ, ಓಣಿಗೆಲ್ಲ ಕೇಳುವಂತೆ, "ಹೂಂ ನಮ್ಮವ್ವ, ಅದೂ ನಿಮ್ಮದs!" ಎನ್ನುತ್ತಿದ್ದಳು.